ಯಂತ್ರ ಮಂತರ: ಎಣ್ಣೆ ಇದ್ದರೆ ಸಾಲದು



ಸಂಘದ ಊಟದ ದಿನ ಸಾಂಬಾರಿನ ಪಾತ್ರೆಯನ್ನು ತೊಡೆಯ ನಡುವೆ ಇಟ್ಟುಕೊಂಡು ಕಾರಿನಲ್ಲಿ ಬಂದವರಿಗೆ ಈ ಸಲದ ವಿಷಯ ಅರ್ಧ ಆಗಲೇ ಗೊತ್ತು. ರಾಮಕೃಷ್ಣಪುರದ ತಿರುವಿನಲ್ಲಿ ಡ್ರೈವರ್ ಮಹಾಶಯ ಬಲಕ್ಕೆ ತಿರುಗಿಸಿದರೆ ಸಾಂಬಾರು ಎಡಕ್ಕೆ ಓಡುತ್ತದೆ. ಆ ಗಳಿಗೆಯಲ್ಲಿ ಬಲಬದಿಗೆ ಸೌಟು ಹಾಕಿದರೆ ಬರುವುದು ಬರೀ ಗಾಳಿ. ಕಾರಿನ ಎಂಜಿನ್ನಿಗೂ ಇದೇ ಕಷ್ಟ.

ಕಳೆದ ಚಳಿಗಾಲದಲ್ಲಿ ನೋಯ್ಡಾದಲ್ಲಿರುವ ನನ್ನ ಅಕ್ಕನ ಮಗ ಮನೆಗೆ ಬಂದ. ಅವನ ಬಳಿ ಅವನ ತಂದೆಯ, ಅಂದರೆ ನನ್ನ ಭಾವನ, 1966ರ ಫಿಯೆಟ್ 1100 ಇದೆ. ಭಾವ ತೀರಿಕೊಂಡ ಮೇಲೆ ಹಾಸನದಿಂದ ಲಾರಿಯಲ್ಲಿ ತರಿಸಿ, ಎರಡು ವರ್ಷ ರಜಾದಿನಗಳನ್ನೆಲ್ಲ ಸುರಿದು ಸರಿಮಾಡಿದ್ದಾನೆ.

"ಮಾಮ, ಇದಕ್ಕೆ ಡ್ರೈ ಸಂಪ್ ಹಾಕಬೇಕು. ಗ್ರೇಟರ್ ನೋಯ್ಡಾದ ಬುದ್ಧ ಸರ್ಕ್ಯೂಟಿನಲ್ಲಿ ಒಂದು ದಿನ ಓಡಿಸಬೇಕು. ನೀವೇ ಮುಂದೆ ನಿಂತು ಮಾಡಿಸಿಕೊಡಿ" ಎಂದ.

2011ರಿಂದ 2013ರವರೆಗೆ ಮೂರು ವರ್ಷ ಫಾರ್ಮುಲಾ ಒನ್ ನಡೆದ, ಮೂರು ಸಲವೂ ಸೆಬಾಸ್ಟಿಯನ್ ವೆಟ್ಟೆಲ್ ಗೆದ್ದ ಟ್ರ್ಯಾಕ್ ಅದು. ಅಲ್ಲಿ ಓಡಿದ ಫಾರ್ಮುಲಾ ಒನ್ ಕಾರುಗಳಿಗೆಲ್ಲ ಡ್ರೈ ಸಂಪ್ ಇತ್ತು. ಆದರೆ ನಮ್ಮ ಫಿಯೆಟ್ಟಿಗೆ?

ಮೊದಲು ಡ್ರೈ ಸಂಪ್ ಎಂದರೇನು ನೋಡೋಣ. ಸಾಮಾನ್ಯ ಕಾರಿನಲ್ಲಿ ಎಂಜಿನ್ನಿನ ಕೆಳಗಿರುವ ತಟ್ಟೆಯೇ ಸಂಪ್. ಎಣ್ಣೆ ಅಲ್ಲೇ ನಿಂತಿರುತ್ತದೆ. ಪಂಪು ಅಲ್ಲಿಂದ ಹೀರಿ ಬೇರಿಂಗುಗಳಿಗೆ ಒತ್ತಡದಲ್ಲಿ ಕಳಿಸುತ್ತದೆ. ಕಾರು ಜೋರಾಗಿ ತಿರುಗಿದಾಗ ಎಣ್ಣೆಯ ಮಟ್ಟ ಓರೆಯಾಗುತ್ತದೆ. ತಿರುವಿನ ಎಳೆತ ಭೂಮಿಯ ಎಳೆತದ ಅರ್ಧದಷ್ಟಿದ್ದರೆ ಸುಮಾರು 27 ಡಿಗ್ರಿ, ಸರಿಸಮವಾದರೆ 45 ಡಿಗ್ರಿ. ಪಂಪಿನ ಬಾಯಿ ಒಂದು ಕ್ಷಣ ಗಾಳಿ ಕುಡಿಯಿತೋ, ಬೇರಿಂಗಿನ ಕಥೆ ಮುಗಿಯಿತು. ಸಂಪಿನಲ್ಲಿ ಎಷ್ಟು ಎಣ್ಣೆ ಇದ್ದರೇನು, ಊಟಕ್ಕಿಲ್ಲದ ಉಪ್ಪಿನಕಾಯಿ!

ಡ್ರೈ ಸಂಪ್ ಅಂದರೆ ನಮ್ಮ ಬೆಂಗಳೂರಿನ ಮನೆಗಳ ವ್ಯವಸ್ಥೆಯೇ. ಕೆಳಗೆ ಬಿದ್ದದ್ದನ್ನು ಮೋಟಾರು ಎತ್ತಿ ಮೇಲಿನ ಟ್ಯಾಂಕಿಗೆ ಹಾಕುತ್ತದೆ; ನಲ್ಲಿಗೆ ಬರುವುದು ಟ್ಯಾಂಕಿನಿಂದ. ಒಂದೇ ವ್ಯತ್ಯಾಸ, ಇಲ್ಲಿ ಕೆಳಗಿನ ಸಂಪು ಸದಾ ಬರಿದಾಗಿರಬೇಕು. ಹಾಗಾಗಿ ಎಣ್ಣೆಯನ್ನು ಮೇಲೆತ್ತುವ ಪಂಪುಗಳ ಶಕ್ತಿ ಒತ್ತಡದ ಪಂಪಿಗಿಂತ ಚೆನ್ನಾಗಿಯೇ ಹೆಚ್ಚಿರಬೇಕು, ಏಕೆಂದರೆ ಕೆಳಗಿಂದ ಬರುವುದು ಎಣ್ಣೆ ಮಾತ್ರವಲ್ಲ, ಗಾಳಿ ಬೆರೆತ ನೊರೆ.

ನನಗೆ ಇದರ ಪರಿಚಯ ಕಾರಿನಿಂದ ಆದದ್ದಲ್ಲ. ಎಪ್ಪತ್ತರ ದಶಕದಲ್ಲಿ ಬೆಂಗಳೂರಿನ ಎಚ್‌ಎಎಲ್‌ನಲ್ಲಿ ಅಪ್ರೆಂಟಿಸ್ ಆಗಿದ್ದಾಗ ಎಚ್‌ಟಿ-2 ತರಬೇತಿ ವಿಮಾನದ ಎಂಜಿನ್ ಕಂಡಿದ್ದೆ. ವಿ. ಎಂ. ಘಾಟಗೆಯವರ ನೇತೃತ್ವದಲ್ಲಿ ತಯಾರಾಗಿ 1951ರಲ್ಲಿ ಮೊದಲು ಹಾರಿದ ವಿಮಾನ. ಅದರ ಸಿರಸ್ ಮೇಜರ್ ಎಂಜಿನ್ ತಲೆಕೆಳಗಾದದ್ದು: ಕ್ರ್ಯಾಂಕ್ ಶಾಫ್ಟ್ ಮೇಲೆ, ಸಿಲಿಂಡರುಗಳು ಕೆಳಗೆ. ತಳವೇ ಇಲ್ಲದಿದ್ದರೆ ಎಣ್ಣೆ ನಿಲ್ಲುವುದೆಲ್ಲಿ? ಕಾರುಗಳಲ್ಲಿ 1954ರ ಮರ್ಸಿಡಿಸ್ 300 ಎಸ್‌ಎಲ್, 1964ರ ಪೋರ್ಷೆ 911 ಡ್ರೈ ಸಂಪ್ ಇಟ್ಟುಕೊಂಡೇ ಕಾರ್ಖಾನೆಯಿಂದ ಬಂದವು.

ಹುಡುಗನ ಉತ್ಸಾಹಕ್ಕೆ ನಾನು ತಣ್ಣೀರೆರಚಿದ್ದು ಎರಡು ಕಾರಣಕ್ಕೆ. ಮೊದಲನೆಯದು ಕಾನೂನು. ದೆಹಲಿ ಮತ್ತು ಸುತ್ತಲಿನ ಪ್ರದೇಶದಲ್ಲಿ 15 ವರ್ಷ ದಾಟಿದ ಪೆಟ್ರೋಲ್ ಗಾಡಿಗಳ ಮೇಲಿನ ನಿರ್ಬಂಧವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿಹಿಡಿಯಿತು. ನಮ್ಮ ಫಿಯೆಟ್ ಇಲ್ಲಿ ಉಸಿರಾಡುತ್ತಿರುವುದು 2021ರ ಜುಲೈಯಲ್ಲಿ ಬಂದ ವಿಂಟೇಜ್ ನಿಯಮದ ಆಸರೆಯಲ್ಲಿ. 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು, ಚಾಸಿ, ಬಾಡಿ, ಎಂಜಿನ್ ಮಾರ್ಪಾಡಾಗಿರಬಾರದು ಎಂದು ಅದು ಹೇಳುತ್ತದೆ. ಡ್ರೈ ಸಂಪ್ ಹಾಕಿದರೆ ಆ ಆಸರೆಗೇ ಕೊಡಲಿ ಪೆಟ್ಟು.

ಎರಡನೆಯದನ್ನು ಆ ದಿನ ಹೇಳಲಿಲ್ಲ.

"ಹಾಗಾದರೆ ಬಿಟ್ಟುಬಿಡಲೇ ಮಾಮ?" ಎಂದ. ಮುಖ ಸಣ್ಣದಾಗಿತ್ತು. "ಅಪ್ಪನ ಎಂಜಿನ್ ಬಿಡು, ಬೇರೆ ಎಂಜಿನ್ ತಾ" ಎಂದೆ. ಮಾಯಾಪುರಿಯ ಗುಜರಿಯಲ್ಲಿ ಅದೇ ವಂಶದ 1089 ಸಿ.ಸಿ.ಯ ಪದ್ಮಿನಿ ಎಂಜಿನ್ ಸಿಕ್ಕಿತು. ಪಂಪಿನ ಸೆಟ್ ವಿದೇಶದಿಂದ ಬಂತು; ಬೆಲೆ ಕೇಳಿ ಅಕ್ಕ ಕುರ್ಚಿ ಹುಡುಕಿದಳು. ಮುಂದೆ ತುಕ್ಕು ಹಿಡಿದ ಪದ್ಮಿನಿಯ ಬಾಡಿಯೊಂದನ್ನು ಹುಡುಕಿ, ಇದನ್ನು ಅದರಲ್ಲಿ ಕೂರಿಸಿ, ಟ್ರೇಲರಿನ ಮೇಲೆ ಟ್ರ್ಯಾಕಿಗೆ ಒಯ್ಯುವುದು ಅವನ ಲೆಕ್ಕ.

ಹದಿನಾಲ್ಕು ಭಾನುವಾರ ಕೆಲಸ ನಡೆಯಿತು. ಹಳೆಯ ಸಂಪ್ ತೆಗೆದು ಆಳವಿಲ್ಲದ ಹೊಸ ತಟ್ಟೆ ಕೂರಿಸಿದೆವು. ಅದರ ಎರಡು ಕಡೆಯಿಂದ ಎಣ್ಣೆ ಎತ್ತಲು ಎರಡು ಪಂಪು, ಒತ್ತಡಕ್ಕೆ ಒಂದು, ಮೂರೂ ಒಂದೇ ಶಾಫ್ಟಿನ ಮೇಲೆ. ಎತ್ತುವ ಪಂಪುಗಳ ಮುಂದೆ ತಂತಿಯ ಜಾಲರಿ. ಕ್ರ್ಯಾಂಕಿನ ಮೂತಿಗೆ ಹಲ್ಲಿನ ಪುಲ್ಲಿ ಹಾಕಿ, ಪಂಪು ಎಂಜಿನ್ನಿನ ಅರ್ಧ ವೇಗದಲ್ಲಿ ತಿರುಗುವಂತೆ ಬೆಲ್ಟು ಕೊಟ್ಟೆವು. ಎಂಜಿನ್ನಿನ ಒಳಗಿನ ಹಳೆಯ ಪಂಪಿನ ದಾರಿ ಮುಚ್ಚಿದೆವು. ಟ್ಯಾಂಕು ಎತ್ತರದ ದುಂಡು ಡಬ್ಬಿ. ಎಣ್ಣೆ ಮೇಲಿನಿಂದ ಗೋಡೆಗೆ ಸವರಿಕೊಂಡು ಸುತ್ತುತ್ತಾ ಇಳಿಯಬೇಕು, ಆಗ ಗಾಳಿ ಬೇರೆಯಾಗುತ್ತದೆ. ಬಳಸುವ ಎಣ್ಣೆ ತಳದಿಂದ. ಟ್ಯಾಂಕಿನಿಂದ ಪಂಪಿಗೆ ಬರುವ ಹೋಸ್ ದಪ್ಪಗಿರಬೇಕು, ಎಲ್ಲೂ ಮಡಿಸಿಕೊಳ್ಳಬಾರದು.

ಎಲ್ಲ ಮುಗಿದ ಮೇಲೆ ಹುಡುಗ ಸ್ಟಾರ್ಟ್ ಮಾಡಲು ಹೊರಟ. ಕೈ ಹಿಡಿದೆ. ಒಣ ಬೇರಿಂಗಿನ ಮೇಲೆ ಎಂಜಿನ್ ಎಬ್ಬಿಸುವುದು ಹಸುಗೂಸನ್ನು ಓಟಕ್ಕೆ ಬಿಟ್ಟಂತೆ. ಮೊದಲು ಬೆಲ್ಟ್ ಕಳಚಿ, ಪಂಪನ್ನು ಡ್ರಿಲ್ ಮೆಷಿನ್ನಿನಿಂದ ತಿರುಗಿಸಬೇಕು. ಒತ್ತಡದ ಮುಳ್ಳು ಏಳುವ ತನಕ ಕಾಯಬೇಕು. ತಿರುಗಿಸಿದ. ಮುಳ್ಳು ಅಲ್ಲಾಡಲಿಲ್ಲ. ಮತ್ತೆ ತಿರುಗಿಸಿದ. ನಿಮಿಷವೆಂದರೆ ಎಷ್ಟು ಉದ್ದ ಎಂದು ಆಗ ಗೊತ್ತಾಗುತ್ತದೆ. ಕೊನೆಗೆ ಅದು ನಡುಗಿ, ಮೆಲ್ಲಗೆ ಮೇಲೆದ್ದು ನಿಂತಿತು.

ಆ ಹೊತ್ತಿಗೆ ಎರಡನೆಯ ಕಾರಣ ಬಾಯಿಗೆ ಬಂತು. 1978ರಲ್ಲಿ ಮಂಗಳೂರಿನ ಒಂದು ಮದುವೆಗೆಂದು ಭಾವನ ಫಿಯೆಟ್ಟನ್ನು ಕೇಳಿ ಒಯ್ದಿದ್ದೆ. ಶಿರಾಡಿ ಘಾಟಿಯ ಪ್ರತಿ ತಿರುವಿನಲ್ಲೂ ಎಣ್ಣೆಯ ಕೆಂಪು ದೀಪ ಮಿನುಗುತ್ತಿತ್ತು. ವೈರು ಸಡಿಲವಾಗಿರಬೇಕು ಎಂದುಕೊಂಡೆ, ಎಚ್‌ಎಎಲ್‌ನವನಲ್ಲವೇ, ಗತ್ತು! ಗುಂಡ್ಯ ತಲುಪುವಾಗ ಎಂಜಿನ್ ಟಕಟಕ ಬಡಿಯತೊಡಗಿತು. ಬೇರಿಂಗ್ ಸುಟ್ಟು, ಕ್ರ್ಯಾಂಕ್ ಗೀರಿಹೋಗಿತ್ತು. ಹೊರಡುವಾಗ ಡಿಪ್ ಸ್ಟಿಕ್ ಎಳೆದು ನೋಡಿದ್ದರೆ ಸಾಕಿತ್ತು. ಎಣ್ಣೆ ಕಡಿಮೆ ಇತ್ತು, ಅಷ್ಟೇ. ಡ್ರೈ ಸಂಪೂ ಬೇಡ, ಮಣ್ಣೂ ಬೇಡ. ಭಾವ ಮೂರು ತಿಂಗಳ ಸಂಬಳ ಸುರಿದು ರಿಪೇರಿ ಮಾಡಿಸಿದರು. ನನಗೆ ಹೇಳಿದ್ದು ಒಂದೇ ಮಾತು: "ಗಾಡಿ ಹಾಳಾಗಲಿ, ನೀನು ಸರಿಯಾಗಿ ಬಂದೆಯಲ್ಲ."

ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. "ಅಪ್ಪ ಘಾಟಿ ಇಳಿಯುವ ಮೊದಲು ಯಾವಾಗಲೂ ಗಾಡಿ ನಿಲ್ಲಿಸಿ ಬಾನೆಟ್ ಎತ್ತುತ್ತಿದ್ದರು. ಯಾಕೆ ಅಂತ ಈಗ ಗೊತ್ತಾಯಿತು" ಎಂದ.

ಬೆಂಚಿನ ಮೇಲಿನ ಎಂಜಿನ್ ಈಗ ಓಡುತ್ತಿದೆ. ಟ್ರ್ಯಾಕಿನ ಸುದ್ದಿ ಬಂದಾಗ ಬರೆಯುತ್ತೇನೆ. ಭಾವನ ಫಿಯೆಟ್ ಇದ್ದ ಹಾಗೇ ಇದೆ.

ನಿಮ್ಮ ಕಾರು ಹೊಸದಿರಲಿ, ಹಳೆಯದಿರಲಿ, ಈ ಭಾನುವಾರ ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಎಂಜಿನ್ ಆರಿಸಿ ಹತ್ತು ನಿಮಿಷ ಬಿಟ್ಟು, ಡಿಪ್ ಸ್ಟಿಕ್ ಒರೆಸಿ ಅದ್ದಿ ನೋಡಿ. ಎಣ್ಣೆ ಎರಡು ಗೀಟುಗಳ ನಡುವೆ ಇರಬೇಕು. ಓಡುವಾಗ ಕೆಂಪು ದೀಪ ಕ್ಷಣಮಾತ್ರ ಮಿನುಗಿದರೂ ಗಾಡಿ ನಿಲ್ಲಿಸಿ. ವೈರಿನ ಮೇಲೆ ತಪ್ಪು ಹೊರಿಸಬೇಡಿ.