ಒಂದು ಅಗುಳಿನ ಲೆಕ್ಕ ರಕ್ತಕ್ಕೆ ಸಲ್ಲದು

ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿದರೆ ಸಾಕು. ಪಾತ್ರೆಯ ಅಗುಳುಗಳೆಲ್ಲ ಒಂದೇ ಅಕ್ಕಿಯವು, ಒಂದೇ ಬೆಂಕಿ ಕಂಡವು. ಮಲೇರಿಯಾ ತಗುಲಿದವರ ರಕ್ತಕ್ಕೆ ಈ ಲೆಕ್ಕ ಹಿಡಿಯದು.

ಮಂಗಳೂರಿಗರಿಗೆ ಮಲೇರಿಯಾವನ್ನು ಪರಿಚಯಿಸಬೇಕಿಲ್ಲ. ಕಟ್ಟಡ ಏಳುವಲ್ಲೆಲ್ಲ ನಿಂತ ನೀರು, ನೀರಿದ್ದಲ್ಲಿ ಅನಾಫಿಲಿಸ್ ಸೊಳ್ಳೆ. ಈಗ ಪ್ರಕರಣಗಳು ಬಹಳ ಇಳಿದಿವೆ, ನಿಜ. ಇಲ್ಲಿ ಹೆಚ್ಚಾಗಿ ಕಾಣುವುದು ವೈವ್ಯಾಕ್ಸ್ ಎಂಬ ಬಗೆಯ ಪರಾವಲಂಬಿ. ಅದನ್ನು ಪತ್ತೆಮಾಡಲು ಲ್ಯಾಬಿನವರು ಗಾಜಿನ ಮೇಲೆ ರಕ್ತ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ಕೆಂಪುಕಣಗಳನ್ನು ಒಂದೊಂದಾಗಿ ನೋಡುತ್ತಾರೆ. ಹಾಗಾಗಿ ಕೋಶಗಳನ್ನು ಬಿಡಿಬಿಡಿಯಾಗಿ ನೋಡುವುದು ಈ ಊರಿಗೆ ಹೊಸತಲ್ಲ. ಆ ಗಳಿಗೆಯಲ್ಲಿ ಪ್ರತಿ ಕೋಶದೊಳಗೆ ಯಾವ ಜೀನ್‌ಗಳು ಕೆಲಸ ಮಾಡುತ್ತಿವೆ ಎಂದು ಓದುವುದು ಹೊಸತು.

ಮೊದಲೆಲ್ಲ ಇದಕ್ಕಾಗಿ ಲಕ್ಷಾಂತರ ಕೋಶಗಳನ್ನು ಒಟ್ಟಿಗೆ ಅರೆಯುತ್ತಿದ್ದರು. ಸಿಗುತ್ತಿದ್ದುದು ಸರಾಸರಿ ಮಾತ್ರ. ರಕ್ತದಲ್ಲಿ ಹೆಚ್ಚಿನ ಪರಾವಲಂಬಿಗಳು ಒಡೆದೊಡೆದು ಹೆಚ್ಚುತ್ತಾ ಜ್ವರ ಬರಿಸುತ್ತವೆ; ಕೆಲವಷ್ಟೇ ಗಂಡು–ಹೆಣ್ಣು ರೂಪ ತಾಳುತ್ತವೆ. ಸೊಳ್ಳೆಯ ಹೊಟ್ಟೆ ಸೇರಿ ಕಾಯಿಲೆಯನ್ನು ಪಕ್ಕದ ಮನೆಗೆ ದಾಟಿಸುವುದು ಈ ಕೆಲವೇ. ಸರಾಸರಿಯಲ್ಲಿ ಅವುಗಳ ದನಿಯೇ ಅಡಗಿಬಿಡುತ್ತಿತ್ತು.

ಕೆಲಸದಲ್ಲಿರುವ ಜೀನ್‌ನಿಂದ ಹೊರಡುವ ನಕಲು ಆರ್‌ಎನ್‌ಎ; ಒಂದೇ ಕೋಶದ ಆರ್‌ಎನ್‌ಎಯನ್ನು ಇಡಿಯಾಗಿ ಓದಿದ್ದು 2009ರಲ್ಲಿ. 2015ರಲ್ಲಿ ಬಂದ ಉಪಾಯ ಇನ್ನೂ ಚೆಂದ: ಎಣ್ಣೆಯಲ್ಲಿ ತೇಲುವ ಪುಟ್ಟ ನೀರಹನಿಗೆ ಒಂದು ಕೋಶ, ಜೊತೆಗೊಂದು ಮಣಿ. ಕೋಶ ಒಡೆದಾಗ ಅದರ ಆರ್‌ಎನ್‌ಎ ತುಣುಕುಗಳಿಗೆಲ್ಲ ಆ ಮಣಿಯ ವಿಳಾಸಚೀಟಿ ಅಂಟುತ್ತದೆ. ಆಮೇಲೆ ಎಲ್ಲವನ್ನೂ ಒಟ್ಟಿಗೆ ಓದಿದರೂ ಚಿಂತೆಯಿಲ್ಲ, ಕಂಪ್ಯೂಟರ್ ವಿಳಾಸ ನೋಡಿ ವಿಂಗಡಿಸುತ್ತದೆ. ಹೀಗೆ ಸಾವಿರಾರು ಕೋಶಗಳ ಓದು ಒಂದೇ ಸಲಕ್ಕೆ ಸಾಧ್ಯವಾಯಿತು. 2019ರಲ್ಲಿ ಬ್ರಿಟನ್ನಿನ ಸ್ಯಾಂಗರ್ ಸಂಸ್ಥೆಯವರು ಮಲೇರಿಯಾ ಪರಾವಲಂಬಿಯ ಇಡೀ ಜೀವನಚಕ್ರದ 'ಸೆಲ್ ಅಟ್ಲಾಸ್' ಪ್ರಕಟಿಸಿದರು.

ನಮಗೆ ಇದಕ್ಕಿಂತ ಹತ್ತಿರದ ಸಂಗತಿ ಪಿತ್ತಜನಕಾಂಗದ್ದು. ವೈವ್ಯಾಕ್ಸ್ ಅಲ್ಲಿ ನಿದ್ದೆ ಹೋಗುತ್ತದೆ; ವಾರಗಳೋ ತಿಂಗಳುಗಳೋ ಕಳೆದು ಎದ್ದರೆ ಸೊಳ್ಳೆ ಕಚ್ಚದೆಯೇ ಜ್ವರ ಮರುಕಳಿಸುತ್ತದೆ. ರಕ್ತದ ಸ್ಲೈಡಿನಲ್ಲಿ ಈ ನಿದ್ದೆಗಾರರು ಕಾಣುವುದಿಲ್ಲ. ಪ್ರಯೋಗಾಲಯದಲ್ಲಿ ಸಾಕಿದ ಪಿತ್ತಜನಕಾಂಗದ ಕೋಶಗಳಲ್ಲಿ ಅವುಗಳ ಜೀನ್ ಚಟುವಟಿಕೆಯನ್ನು ಬಿಡಿಬಿಡಿಯಾಗಿ ಓದಿದ ವರದಿ 2022ರಲ್ಲಿ ಬಂತು. ಮಲಗಿದಾಗಲೂ ಚಾಲೂ ಇರುವ ಜೀನ್ ಯಾವುದೆಂದು ಗೊತ್ತಾದರೆ ಹೊಸ ಔಷಧಿಗೆ ಗುರಿ ಸಿಕ್ಕಂತೆ.

ಸಿಕ್ಕಂತೆ, ಅಷ್ಟೇ. ಈ ಪರೀಕ್ಷೆ ದುಬಾರಿ, ಕೋಶಗಳು ಕೆಡದಂತೆ ಯಂತ್ರ ಸೇರಬೇಕು. ನಾಳೆಯೇ ವಾರ್ಡಿಗೆ ಬರುವಂಥದ್ದಲ್ಲ. ಸದ್ಯಕ್ಕೆ ನಿದ್ದೆಗಾರರನ್ನು ಕೊಲ್ಲಲು ನಮ್ಮಲ್ಲಿ ಕೊಡುವುದು 14 ದಿನಗಳ ಪ್ರೈಮಾಕ್ವಿನ್, ಜ್ವರ ಬಿಟ್ಟ ಮೇಲೆ ಎಷ್ಟೋ ಮನೆಗಳಲ್ಲಿ ಅರ್ಧಕ್ಕೇ ಉಳಿದುಬಿಡುವ ಅದೇ ಮಾತ್ರೆ.