ಒಲೆ ಆರಿದ ಮೇಲೆ ಬೂದಿ ಯಾರ ಪಾಲಿಗೆ?

ಹೊಸ ಒಲೆ ಹೊತ್ತಿಸುವ ದಿನ ಕಾಯಿ ಒಡೆಯಲು ಹತ್ತು ಮಂದಿ ಬರುತ್ತಾರೆ. ಒಲೆ ಆರಿದ ರಾತ್ರಿ ಬೂದಿ ತೆಗೆಯಲು ಉಳಿಯುವವನು ಒಬ್ಬನೇ. ಹೋಟೆಲಿನಲ್ಲಿ ಒಂದು ವರ್ಷ ದುಡಿದ ಯಾವ ಬಂಧುವಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಆದರೆ ಇಂದು ನಾವು ಹೇಳಹೊರಟಿರುವುದು ಅಡಿಗೆಮನೆಯ ಒಲೆಯ ವಿಚಾರವಲ್ಲ, ಅಣುಶಕ್ತಿಯ ಒಲೆಯ ವಿಚಾರ. ಅದರ ಬೂದಿ ಒಂದು ಚೊಂಬು ನೀರು ಚಿಮುಕಿಸಿದರೆ ತಣಿಯುವಂಥದಲ್ಲ.

ನಾವು ದುಡಿದು ಉಣ್ಣುವ ಈ ಚೆನ್ನೈಗೆ ದಕ್ಷಿಣದಲ್ಲಿ, ಸುಮಾರು 70 ಕಿಲೋಮೀಟರು ದೂರಕ್ಕೆ, ಕಡಲ ಅಂಚಿನಲ್ಲಿ ಕಲ್ಪಾಕ್ಕಂ ಇದೆ. ಅಲ್ಲಿಯ ಮದರಾಸು ಅಣುವಿದ್ಯುತ್ ಸ್ಥಾವರದ ಮೊದಲನೆಯ ಘಟಕ 1984ರಲ್ಲಿಯೂ ಎರಡನೆಯದು 1986ರಲ್ಲಿಯೂ ವಿದ್ಯುತ್ ಮಾರಾಟಕ್ಕೆ ತೊಡಗಿದುವು. ಮೊದಲನೆಯದಕ್ಕೆ 40 ವರ್ಷ ತುಂಬಿಹೋಗಿದೆ. 2018ರ ಜನವರಿಯಲ್ಲಿ ನಿಂತ ಅದು ಆ ಮೇಲೆ ವರ್ಷಾನುಗಟ್ಟಲೆ ನಿಂತೇ ಇತ್ತು. ಇನ್ನು ನಮ್ಮ ಹುಟ್ಟಿದ ನಾಡಿನಲ್ಲಿ, ಉತ್ತರ ಕನ್ನಡದ ಕಾಳಿ ನದಿಯ ದಂಡೆಯಲ್ಲಿ, ಕೈಗಾ ಇದೆ. 2000 ಮತ್ತು 2011ರ ನಡುವೆ ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳು ಕೆಲಸಕ್ಕೆ ತೊಡಗಿದುವು. ಅಂದಮೇಲೆ ದುಡಿಯುವ ಊರಿನ ಹತ್ತಿರ ಒಂದು, ಹೆತ್ತವರಿರುವ ನಾಡಿನಲ್ಲಿ ಒಂದು. ಈ ಮಾತು ನಮಗೆ ಎರಡು ಕಡೆಯಿಂದಲೂ ತಟ್ಟತಕ್ಕದ್ದು.

ಈ ಸ್ಥಾವರಗಳಿಂದ ಉಪಕಾರವಾಗಿಲ್ಲವೆಂದು ನಾವು ಹೇಳುವವರಲ್ಲ. ನಮ್ಮ ಹಿಟ್ಟು ರುಬ್ಬುವ ಗ್ರೈಂಡರು, ಗಿರಣಿಯ ಮಗ್ಗ, ಮಕ್ಕಳು ಓದುವ ದೀಪ, ಇವುಗಳಿಗೆ ಅವುಗಳ ವಿದ್ಯುತ್ತೂ ಒದಗಿದೆ. ಸ್ಥಾವರ ಬೇಕೇ ಬೇಡವೇ ಎಂಬ ವಾದಕ್ಕೆ ಇಂದು ನಾವು ಇಳಿಯುವುದಿಲ್ಲ. ಇದ್ದದ್ದು ಒಂದು ದಿನ ಮುಚ್ಚಲೇಬೇಕು. ಮುಚ್ಚುವ ಯೋಜನೆ ಮಾಡುವಾಗ ಆ ನೆಲದ ರಾಜ್ಯ ಸರಕಾರ ಪಂಕ್ತಿಯಲ್ಲಿ ಕೂತಿರಬೇಕೋ, ಹೊರಗೆ ಜಗಲಿಯಲ್ಲಿ ಕಾಯುತ್ತಿರಬೇಕೋ? ನಮ್ಮ ಪ್ರಶ್ನೆ ಇಷ್ಟೇ.

ಮುಚ್ಚುವುದೆಂದರೆ ಏನೆಂಬುದನ್ನು ಮೊದಲು ತಿಳಿಯೋಣ. 1996ರಲ್ಲಿ ಪೆರಂಬೂರಿನ ಬಕಿಂಗ್‌ಹ್ಯಾಂ ಮತ್ತು ಕರ್ನಾಟಿಕ್ ಗಿರಣಿ ಮುಚ್ಚಿತು. 1918ರಲ್ಲಿ ಮದರಾಸು ಕಾರ್ಮಿಕ ಸಂಘವನ್ನು ಹುಟ್ಟಿಸಿ ದೇಶದ ಕೆಲಸಗಾರರಿಗೆಲ್ಲ ದಾರಿ ತೋರಿದ ಗಿರಣಿ ಅದು. ಗಿರಣಿ ಮುಚ್ಚಿದರೆ ಮಗ್ಗವನ್ನು ಗುಜರಿಗೆ ಹಾಕಬಹುದು, ನೆಲದಲ್ಲಿ ಮನೆ ಕಟ್ಟಬಹುದು. ಕೆಲಸಗಾರನ ಹೊಟ್ಟೆಯ ಉರಿ ಬೇರೆ ಮಾತು. ಕಬ್ಬಿಣ ಮಾತ್ರ ಬರಿಯ ಕಬ್ಬಿಣವೇ. ಅಣುಸ್ಥಾವರದ ಕಬ್ಬಿಣ ಹಾಗಲ್ಲ. ಮೊದಲು ಉರಿದ ಇಂಧನವನ್ನು ಹೊರತೆಗೆಯಬೇಕು, ಭಾರಜಲವನ್ನು ಬಸಿಯಬೇಕು. ವಿಕಿರಣದ ಬಹುಪಾಲು ಅದರೊಡನೆ ಹೋಗುತ್ತದೆ. ಉಳಿದದ್ದು ಕೊಳವೆ, ಉಕ್ಕು, ಕಾಂಕ್ರೀಟುಗಳೊಳಗೆ ಹುದುಗಿರುತ್ತದೆ. ಉಕ್ಕಿನೊಳಗಿನ ಕೋಬಾಲ್ಟ್-60 ಎಂಬುದರ ವಿಕಿರಣ ಸುಮಾರು 5 ವರ್ಷ 3 ತಿಂಗಳಿಗೊಮ್ಮೆ ಅರ್ಧಕ್ಕೆ ಇಳಿಯುತ್ತದೆ. 30 ವರ್ಷ ಕಾದರೆ ಅದು ಐವತ್ತರಲ್ಲಿ ಒಂದು ಪಾಲಿಗೆ ಬರುತ್ತದೆ. ಆದುದರಿಂದ ಕೂಡಲೇ ಕಳಚುವುದು ಒಂದು ದಾರಿ. ಬೀಗ ಹಾಕಿ ಕಾವಲಿಟ್ಟು ದಶಕಗಳು ಕಾದು ಕಳಚುವುದು ಇನ್ನೊಂದು. ಕೂಡಲೇ ಕಳಚಿದರೆ ಕೆಲಸಗಾರನ ಮೈಗೆ ಹೆಚ್ಚು ಅಪಾಯ. ಕಾದರೆ ಸ್ಥಾವರದ ಮೂಲೆಮೂಲೆ ಬಲ್ಲವರು ನಿವೃತ್ತರಾಗಿ ಹೋಗಿರುತ್ತಾರೆ, ಕೂಡಿಟ್ಟ ಹಣ ಕರಗುವ ಭಯವಿರುತ್ತದೆ, ನೆಲ ಅಷ್ಟು ಕಾಲ ಯಾರಿಗೂ ಉಪಯೋಗಕ್ಕೆ ಬಾರದು. ಯಾವ ದಾರಿ ಹಿಡಿದರೂ ಭಾರ ಹೊರುವವರು ಆ ಊರಿನವರೇ.

ಈ ದಾರಿಯನ್ನು ಆರಿಸುವವರು ಯಾರು? ಯೋಜನೆ ಬರೆಯುವುದು ಸ್ಥಾವರ ನಡೆಸುವ ಸಂಸ್ಥೆ. ಒಪ್ಪಿಗೆ ಕೊಡುವುದು 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಲಿ. ಎರಡರ ಮುಖ್ಯ ಕಚೇರಿಯೂ ಮುಂಬಯಿಯಲ್ಲಿ. ಸಂವಿಧಾನದ ಏಳನೆಯ ಅನುಸೂಚಿಯನ್ನು ತೆರೆದು ನೋಡಿದರೆ ಒಂದು ವಿಚಿತ್ರ ಕಾಣುತ್ತದೆ. ಕೇಂದ್ರದ ಪಟ್ಟಿಯ 6ನೆಯ ಬಾಬು ಅಣುಶಕ್ತಿ. ರಾಜ್ಯದ ಪಟ್ಟಿಯ 6ನೆಯ ಬಾಬು ಸಾರ್ವಜನಿಕ ಆರೋಗ್ಯ ಮತ್ತು ಆಸ್ಪತ್ರೆ. ನೀರು, ನೆಲ, ಪೊಲೀಸು ಇವೂ ರಾಜ್ಯದ ಪಟ್ಟಿಯಲ್ಲಿವೆ. ಅಂದರೆ ಒಲೆ ಕೇಂದ್ರದ್ದು. ಒಲೆಯ ಸುತ್ತಲಿನ ಬಾವಿ, ಹೊಲ, ಆಸ್ಪತ್ರೆಯ ಮಂಚ ಇವೆಲ್ಲ ರಾಜ್ಯದ್ದು. ಸ್ಥಾವರ ಕಟ್ಟುವಾಗ ನೆಲ ಕೊಡಿಸಲು ರಾಜ್ಯ ಬೇಕು. ಅಪಘಾತವಾದರೆ ಊರು ಖಾಲಿ ಮಾಡಿಸಲು ಜಿಲ್ಲಾ ಕಲೆಕ್ಟರು ಬೇಕು. ಅದರ ಅಭ್ಯಾಸವನ್ನೂ ಅವರೇ ನಡೆಸುತ್ತಾರೆ. ಕಡೆಗೆ ಸ್ಥಾವರವನ್ನು ಕಳಚಿ ಕಸ ಎಲ್ಲಿಡಬೇಕು, ನೆಲ ಎಷ್ಟು ಶುದ್ಧವಾಗಬೇಕು ಎಂದು ಗೊತ್ತುಮಾಡುವಾಗ ಮಾತ್ರ ರಾಜ್ಯಕ್ಕೆ ಕಾಯಂ ಆಸನವಿಲ್ಲ. ಇದು ನ್ಯಾಯವೇ?

ಹೊರಗಿನವರು ಕೇಳದ ಲೆಕ್ಕವನ್ನು ಒಳಗಿನವರು ತಾವಾಗಿ ಬರೆಯುವುದಿಲ್ಲವೆಂಬುದಕ್ಕೆ ಸಾಕ್ಷಿ ಇದೆ. 2012ರಲ್ಲಿ ಭಾರತದ ಮಹಾಲೇಖಪಾಲರು ನಿಯಂತ್ರಣ ಮಂಡಲಿಯ ಕೆಲಸದ ಬಗ್ಗೆ ವರದಿ ಕೊಟ್ಟರು. ಸ್ಥಾವರ ಕಳಚುವ ಬಗ್ಗೆ ಮಂಡಲಿಯೇ ಕೈಪಿಡಿ ಹೊರಡಿಸಿ 13 ವರ್ಷವಾಗಿದ್ದರೂ ದೇಶದ ಒಂದು ಅಣುವಿದ್ಯುತ್ ಸ್ಥಾವರಕ್ಕೂ ಕಳಚುವ ಯೋಜನೆ ಇರಲಿಲ್ಲವೆಂದು ಆ ವರದಿ ಹೇಳಿತು. 30 ವರ್ಷ ನಡೆದವಕ್ಕೂ ಇಲ್ಲ, ನಿಂತುಹೋದವಕ್ಕೂ ಇಲ್ಲ. ರಾಜಸ್ಥಾನದ ರಾವತಭಾಟಾದ ಮೊದಲನೆಯ ಘಟಕ 2004ರಿಂದಲೇ ನಿಂತಿತ್ತು.

ಹಣದ ಲೆಕ್ಕವನ್ನೂ ನೋಡೋಣ. ಮುಂದೆ ಕಳಚುವ ಖರ್ಚಿಗೆಂದು ಆಗ ಯೂನಿಟ್ಟಿಗೆ 2 ಪೈಸೆಯಂತೆ ಕೂಡಿಡುತ್ತಿದ್ದರು. 220 ಮೆಗಾವಾಟಿನ ಒಂದು ಘಟಕ ಒಂದು ಗಂಟೆಯೂ ನಿಲ್ಲದೆ ವರ್ಷವೆಲ್ಲ ನಡೆಯಿತೆಂದು ಇಟ್ಟುಕೊಳ್ಳಿ. ಸುಮಾರು 193 ಕೋಟಿ ಯೂನಿಟ್ ಆಯಿತು. 2 ಪೈಸೆಯಂತೆ ಕೂಡುವುದು ವರ್ಷಕ್ಕೆ 3 ಕೋಟಿ 85 ಲಕ್ಷ ರೂಪಾಯಿ. 40 ವರ್ಷಕ್ಕೆ, ಬಡ್ಡಿ ಬಿಟ್ಟು, 154 ಕೋಟಿ. ಯಾವ ಘಟಕವೂ 40 ವರ್ಷ ನಿಲ್ಲದೆ ನಡೆಯುವುದಿಲ್ಲ. ಅಮೆರಿಕದ ಮೇನ್ ಎಂಬ ರಾಜ್ಯದಲ್ಲಿ ಇದರ ನಾಲ್ಕು ಪಟ್ಟು ದೊಡ್ಡ ಸ್ಥಾವರವೊಂದನ್ನು ಕಳಚಲು ಸುಮಾರು 50 ಕೋಟಿ ಡಾಲರು ತಗಲಿತು. ಅಲ್ಲಿಯ ಕೂಲಿ ಬೇರೆ, ಕ್ರಮ ಬೇರೆ, ಒಪ್ಪುತ್ತೇವೆ. ಆದರೂ ನಮ್ಮ ಗಂಟು ಸಾಕೇ ಎಂದು ಕೇಳುವ ಹಕ್ಕು ಯಾರಿಗಿದೆ? ಆ 2 ಪೈಸೆ ವಿದ್ಯುತ್ತಿನ ದರದಲ್ಲಿ ಸೇರಿ ಬಂದ ಹಣ. ಅದನ್ನು ಕೊಟ್ಟವರು ವಿದ್ಯುತ್ ಕೊಂಡ ರಾಜ್ಯಗಳು, ಅಂದರೆ ಬಿಲ್ಲು ಕಟ್ಟಿದ ನೀವು ನಾವು. ಪ್ರಾವಿಡೆಂಟ್ ಫಂಡಿಗೆ ಕೈಯಿಂದ ಹಣ ಕಟ್ಟಿದವನು ಲೆಕ್ಕದ ಪುಸ್ತಕ ತೋರಿಸಿ ಎಂದರೆ ಅದು ಅಧಿಕಪ್ರಸಂಗವಾದೀತೇ?

ಬೂದಿಯ ಲೆಕ್ಕ ತಪ್ಪಿದರೆ ಅದು ಮೊದಲು ಬೀಳುವುದು ಕೂಲಿಯವನ ಮೈಮೇಲೆ. 2010ರಲ್ಲಿ ದೆಹಲಿಯ ಮಾಯಾಪುರಿಯ ಗುಜರಿ ಪೇಟೆಯಲ್ಲಿ ನಡೆದುದನ್ನು ನೆನೆಯಿರಿ. ದೆಹಲಿ ವಿಶ್ವವಿದ್ಯಾನಿಲಯದಲ್ಲಿ 1985ರಿಂದ ಬಳಸದೆ ಇಟ್ಟಿದ್ದ ಕೋಬಾಲ್ಟ್-60ರ ಯಂತ್ರವೊಂದು ಹಳೆಯ ಸಾಮಾನಿನೊಡನೆ ಹರಾಜಾಗಿ ಗುಜರಿಗೆ ಬಂತು. ಒಳಗಿರುವುದೇನೆಂದು ತಿಳಿಯದೆ ಅದನ್ನು ಒಡೆದರು. ಕೂಲಿಯವನೊಬ್ಬ ಸತ್ತ, ಹಲವರು ಆಸ್ಪತ್ರೆ ಸೇರಿದರು. ಅದು ಸ್ಥಾವರವಲ್ಲ, ಒಂದು ಕೋಣೆಯ ಯಂತ್ರ ಮಾತ್ರ. ಉಪಯೋಗ ಮುಗಿದ ಮೇಲೆ ಪಟ್ಟಿ ಇಡುವವರಿಲ್ಲದೆ ಹೋದರೆ ಏನಾಗುತ್ತದೆಂಬುದಕ್ಕೆ ಅಷ್ಟೇ ಸಾಕು. ಯಾವ ಜಾಗದಲ್ಲಿ ಯಾವ ಅಪಾಯದ ವಸ್ತು ಇದೆಯೆಂಬುದು ಅಲ್ಲಿಯ ಆಸ್ಪತ್ರೆಗೂ ಪೊಲೀಸಿಗೂ ಮೊದಲೇ ಗೊತ್ತಿರಬೇಕಾದುದು ಅವಶ್ಯ. ಊರು ಕೊಳ್ಳೆ ಹೋದ ಮೇಲೆ ಕೋಟೆಯ ಬಾಗಿಲು ಹಾಕಿದರೆ ಏನು ಫಲ?

ಇದಕ್ಕೆ ಕೇಂದ್ರದ ಕಡೆಯವರು ಹೇಳುವ ಉತ್ತರ ನಮಗೆ ತಿಳಿಯದ್ದೇನಲ್ಲ. ಇದು ಸೂಕ್ಷ್ಮ ವಿದ್ಯೆ, ರಾಜ್ಯಗಳಲ್ಲಿ ಬಲ್ಲವರಿಲ್ಲ. ರಾಜ್ಯಗಳನ್ನು ಸೇರಿಸಿದರೆ ರಾಜಕೀಯ ಬೆರೆತು ಕೆಲಸ ಕೆಡುತ್ತದೆ. ಕಾವಲಿನ ಗುಟ್ಟು ಹೊರಬೀಳುತ್ತದೆ ಎನ್ನುತ್ತಾರೆ. ಈ ಮಾತಿನಲ್ಲಿ ಸ್ವಲ್ಪ ಹುರುಳಿದೆ. ಸ್ಪಾನರನ್ನು ರಾಜ್ಯದ ಕೈಗೆ ಕೊಡಿರೆಂದು ನಾವೂ ಕೇಳುವುದಿಲ್ಲ. ಬಲ್ಲವರೇ ಕಳಚಲಿ. ಆದರೆ ಭಟ್ಟರಿಗೆ ಅಡಿಗೆ ಗೊತ್ತಿದೆ ಎಂದ ಮಾತ್ರಕ್ಕೆ ಮನೆಯವರು ಒಲೆ ಎಲ್ಲಿರಬೇಕೆಂದು ಹೇಳಬಾರದೇ? ರಾಜ್ಯದಲ್ಲಿ ಬಲ್ಲವರಿಲ್ಲದಿದ್ದರೆ ತರಬೇತು ಕೊಟ್ಟು ತಯಾರು ಮಾಡುವ ಕಾಲ ಇದೇ. ಕೈಗಾದ ಮೊದಲ ಘಟಕಗಳಿಗೆ 40 ತುಂಬುವುದು 2040ರಲ್ಲಿ. ಇಂದು ಕಾಲೇಜು ಸೇರುವ ಹುಡುಗ ಆಗ ನುರಿತ ಇಂಜಿನಿಯರನಾಗಿರುತ್ತಾನೆ.

ಮೇನ್ ರಾಜ್ಯದ ಆ ಸ್ಥಾವರದ ಕತೆಯನ್ನು ಪೂರ್ತಿ ಹೇಳಬೇಕು. 1972ರಿಂದ ನಡೆದ ಮೇನ್ ಯಾಂಕಿ ಸ್ಥಾವರವನ್ನು ಮುಚ್ಚುವುದೆಂದು 1997ರಲ್ಲಿ ಗೊತ್ತಾಯಿತು. ಆ ವರ್ಷವೇ ಊರಿನವರ ಸಲಹಾ ಮಂಡಲಿಯೊಂದು ಏರ್ಪಟ್ಟು ಕಳಚುವ ಕೆಲಸದ ಉದ್ದಕ್ಕೂ ಕೂಡಿ ಪ್ರಶ್ನೆ ಕೇಳಿತು. ಬಿಟ್ಟುಹೋಗುವ ನೆಲದಲ್ಲಿ ಉಳಿಯಬಹುದಾದ ವಿಕಿರಣಕ್ಕೆ ಅಲ್ಲಿಯ ಕೇಂದ್ರ ನಿಯಮ ವರ್ಷಕ್ಕೆ 25 ಮಿಲಿರೆಂ ಎಂದು ಮಿತಿ ಹಾಕಿತ್ತು. ರಾಜ್ಯ 2000ದಲ್ಲಿ ತನ್ನದೇ ಶಾಸನ ಮಾಡಿ ಅದನ್ನು 10ಕ್ಕೆ ಇಳಿಸಿತು. 2005ರಲ್ಲಿ ಕೆಲಸ ಮುಗಿಯಿತು. ರಾಜ್ಯ ಸೇರಿಕೊಂಡಿತೆಂದು ಕೆಡಲಿಲ್ಲ. ಹಾಗೆಂದು ಎಲ್ಲವೂ ಸುಖಾಂತವಲ್ಲ. ಉರಿದ ಇಂಧನವನ್ನು ಒಯ್ಯುತ್ತೇವೆಂದ ಅಲ್ಲಿಯ ಕೇಂದ್ರ ಸರಕಾರ ಒಯ್ಯಲಿಲ್ಲ. 60 ಪೆಟ್ಟಿಗೆಗಳಲ್ಲಿ ಅದು ಅಲ್ಲಿಯೇ ಕಾವಲಿನಲ್ಲಿ ಉಳಿಯಿತು. ಬಾಯಿಮಾತಿನ ಭರವಸೆ ಸಾಲದು, ಬರವಣಿಗೆ ಬೇಕು ಎಂಬುದು ಇದರಿಂದ ಕಲಿಯತಕ್ಕ ಪಾಠ.

ನಮ್ಮಲ್ಲಿ ಈ ಬರವಣಿಗೆಗೆ ಈಗ ಇನ್ನೂ ಒಂದು ಕಾರಣ ಕೂಡಿದೆ. 2025ರ ಡಿಸೆಂಬರಿನಲ್ಲಿ ಪಾರ್ಲಿಮೆಂಟು 1962ರ ಅಣುಶಕ್ತಿ ಕಾಯಿದೆಯ ಬದಲಿಗೆ ‘ಶಾಂತಿ’ ಎಂಬ ಹೆಸರಿನ ಹೊಸ ಮಸೂದೆಯನ್ನು ಅಂಗೀಕರಿಸಿ, ಖಾಸಗಿ ಕಂಪನಿಗಳಿಗೂ ಅಣುವಿದ್ಯುತ್ತಿನ ಬಾಗಿಲು ತೆರೆಯಿತು. ಸರಕಾರಿ ಸಂಸ್ಥೆಯನ್ನಾದರೆ ನಾಳೆಯೂ ಹುಡುಕಬಹುದು. ಖಾಸಗಿ ಸಾಹುಕಾರ ಅಂಗಡಿ ಮುಚ್ಚಿ ಬೋರ್ಡು ಇಳಿಸಿ ಹೋದರೆ ಕೆಲಸಗಾರ ಬಾಕಿ ಸಂಬಳಕ್ಕೆ ಯಾವ ಬಾಗಿಲು ತಟ್ಟಬೇಕೆಂದು ನಮಗೆಲ್ಲ ಗೊತ್ತು. 60 ವರ್ಷ ಬಾಳುವ ಸ್ಥಾವರಕ್ಕೆ 60 ವರ್ಷ ಬಾಳದ ಕಂಪನಿ ಒಡೆಯನಾದರೆ ಬೂದಿ ರಾಜ್ಯದ ಬಾಗಿಲಿಗೇ ಬರುತ್ತದೆ.

ಕಳಚುವ ಕೈಗಳ ಮಾತು ಕಡೆಯದಾದರೂ ನಮಗೆ ಮುಖ್ಯವಾದುದು. ಕೊಯ್ಯುವ, ಒರೆಸುವ, ಹೊರುವ ಕೆಲಸಕ್ಕೆ ಎಲ್ಲೆಲ್ಲಿಯೂ ಗುತ್ತಿಗೆಯವರೇ ಮುಂದಾಗುತ್ತಾರೆ. ನಮ್ಮ ದೇಶದ ನಿಯಮದಂತೆ ಕೆಲಸಗಾರನ ಮೈಗೆ 5 ವರ್ಷಗಳಲ್ಲಿ 100 ಮಿಲಿಸೀವರ್ಟಿಗಿಂತ, ಒಂದು ವರ್ಷದಲ್ಲಿ 30ಕ್ಕಿಂತ ಹೆಚ್ಚು ವಿಕಿರಣ ತಗಲಕೂಡದು. ನಿಯಮ ಒಳ್ಳೆಯದೇ. 2009ರ ನವೆಂಬರಿನಲ್ಲಿ ಕೈಗಾದಲ್ಲಿ ಕುಡಿಯುವ ನೀರಿನ ಕೂಲರಿಗೆ ಟ್ರಿಟಿಯಂ ಇದ್ದ ಭಾರಜಲ ಬೆರೆತುದು ಬೆಳಕಿಗೆ ಬಂದದ್ದೂ ಕೆಲಸಗಾರರ ಮೂತ್ರವನ್ನು ತಪ್ಪದೆ ಪರೀಕ್ಷಿಸುತ್ತಿದ್ದುದರಿಂದಲೇ. ಆದರೆ ಗುತ್ತಿಗೆ ಮುಗಿದು ಊರಿಗೆ ಹೋದವನನ್ನು 20 ವರ್ಷದ ಮೇಲೆ ಪರೀಕ್ಷಿಸುವವರು ಯಾರು? ಅವನು ಹೋಗುವುದು ತನ್ನ ತಾಲ್ಲೂಕಿನ ಸರಕಾರಿ ಆಸ್ಪತ್ರೆಗೆ; ಅದು ರಾಜ್ಯದ್ದು.

ಆದುದರಿಂದ ನಾವು ಕೇಳುವುದು ಇವಿಷ್ಟು. ಅಣುಸ್ಥಾವರವಿರುವ ಪ್ರತಿ ರಾಜ್ಯದಲ್ಲಿ ಆರೋಗ್ಯ, ಕಾರ್ಮಿಕ, ಕಂದಾಯ, ನೀರು ಈ ಇಲಾಖೆಗಳೂ ಪಂಚಾಯಿತಿಗಳೂ ಕಾಯಂ ಮತ್ತು ಗುತ್ತಿಗೆ ಕೆಲಸಗಾರರ ಪ್ರತಿನಿಧಿಗಳೂ ಇರುವ ಒಂದು ಸಮಿತಿಯನ್ನು ಕಾಯಿದೆಯ ಮೂಲಕ ನೇಮಿಸಬೇಕು. ಪ್ರತಿ ಸ್ಥಾವರದ ಕಳಚುವ ಯೋಜನೆ ಅದರ ಮುಂದೆ ಬರಬೇಕು. ಅದರ ಸಾರವನ್ನು ಇಲ್ಲಿ ತಮಿಳಿನಲ್ಲಿಯೂ ಅಲ್ಲಿ ಕನ್ನಡದಲ್ಲಿಯೂ ಅಚ್ಚುಹಾಕಿ ಶಾಸನಸಭೆಯಲ್ಲಿ ಮಂಡಿಸಬೇಕು. ಕೂಡಿಟ್ಟ ಹಣದ ಲೆಕ್ಕವನ್ನು ವರ್ಷಕ್ಕೊಮ್ಮೆ ರಾಜ್ಯಕ್ಕೆ ತೋರಿಸಬೇಕು. ಕೆಲಸಗಾರ ಕಾಯಮ್ಮಿನವನಾಗಲಿ ಗುತ್ತಿಗೆಯವನಾಗಲಿ, ಅವನ ಕೈಗೆ ಆರೋಗ್ಯದ ಪುಸ್ತಕವೊಂದನ್ನು ಕೊಟ್ಟು, ಜೀವವಿರುವ ತನಕ ಪರೀಕ್ಷೆ ಮಾಡಿಸಬೇಕು.

ಇದರಲ್ಲಿ ಕೇಂದ್ರದ ಮೇಲೆ ಹಗೆಯಿಲ್ಲ, ವಿಜ್ಞಾನದ ಮೇಲೆ ಅಪನಂಬಿಕೆಯಿಲ್ಲ. 1989ರಲ್ಲಿ ಶಿವರಾಮ ಕಾರಂತರು ಕೈಗಾದ ಪ್ರಶ್ನೆಯನ್ನು ಹಿಡಿದು ಉತ್ತರ ಕನ್ನಡದಿಂದ ಲೋಕಸಭೆಗೆ ಸ್ಪರ್ಧಿಸಿದರು. ಅವರು ಗೆಲ್ಲಲಿಲ್ಲ, ಸ್ಥಾವರ ಎದ್ದಿತು. ಕಟ್ಟುವ ಕಾಲದ ಪ್ರಶ್ನೆ ಹಾಗೆ ಮುಗಿಯಿತು. ಮುಚ್ಚುವ ಕಾಲದ ಪ್ರಶ್ನೆ ಈಗ ನಮ್ಮ ಮುಂದಿದೆ. ನಮ್ಮಲ್ಲಿ ಹಲವರ ಓಟು ಇಲ್ಲಿ, ಹಲವರದು ಇನ್ನೂ ಊರಿನಲ್ಲಿ. ಓಟು ಕೇಳಲು ಬಂದವರನ್ನು ಎರಡು ಕಡೆಯಲ್ಲಿಯೂ ಇದೊಂದು ಮಾತು ಕೇಳಿರಿ: ಒಲೆ ಆರಿದ ಮೇಲೆ ಬೂದಿ ಯಾರ ಪಾಲಿಗೆ, ಅದನ್ನು ಎಲ್ಲಿ ಬರೆದಿದೆ? ಉತ್ತರ ಹೇಳಲು ಅವರು ಕಾಗದ ಹುಡುಕಬೇಕಾಗಿ ಬಂದರೆ ನಮ್ಮ ಕೆಲಸ ತೊಡಗಿತೆಂದೇ ತಿಳಿಯಿರಿ.