ಒಂದೇ ಪುಟದ ಅಂಗಡಿ
(ವ್ಯವಸಾಯದ ಇನ್‌ಸ್ಪೆಕ್ಟರೊಬ್ಬರು, ಎಲ್.ಎಜಿ.)

ಬೆಳೆಯುವ ವಿದ್ಯೆಯಲ್ಲಿ ನಮ್ಮ ಸೀಮೆಯ ಮಾವಿನ ತೋಟಗಾರರು ಯಾರಿಗೂ ಕಡಮೆಯಾದವರಲ್ಲ. ಕಸಿ ಕಟ್ಟುವುದರಲ್ಲಿಯೂ, ಹೂವಿಗೆ ಬೀಳುವ ಜಿಗಿಹುಳುವನ್ನು ಅಡಗಿಸುವುದರಲ್ಲಿಯೂ, ತೊಟ್ಟು ಮುರಿಯದಂತೆ ಕಾಯಿ ಇಳಿಸುವುದರಲ್ಲಿಯೂ ಅವರಿಗೆ ಹೇಳಿಕೊಡತಕ್ಕದ್ದು ಈಗ ಹೆಚ್ಚೇನೂ ಉಳಿದಿಲ್ಲ. ಆದರೆ ಮಾರುವ ವಿದ್ಯೆಯ ಪ್ರಸ್ತಾಪ ಬಂದೊಡನೆ ಇದೇ ಜಾಣರು ಕೈಕಟ್ಟಿ ನಿಲ್ಲುವುದನ್ನು ಕಾಣುತ್ತೇವೆ. ಮರ ಹೂ ಬಿಟ್ಟಾಗಲೇ ತೋಟವನ್ನು ಗುತ್ತಿಗೆಗೆ ಕೊಟ್ಟು, ಫಸಲು ಚೆನ್ನಾಗಿ ಬಂದರೆ ಗುತ್ತಿಗೆದಾರನ ಅದೃಷ್ಟವೆಂದೂ, ಬಾರದಿದ್ದರೆ ತಮ್ಮ ಪುಣ್ಯವೆಂದೂ ಸಮಾಧಾನಪಟ್ಟುಕೊಳ್ಳುವವರು ಪ್ರತಿ ಗ್ರಾಮದಲ್ಲಿಯೂ ಇದ್ದಾರೆ. ಈ ಸ್ಥಿತಿಯನ್ನು ಸ್ವಲ್ಪಮಟ್ಟಿಗಾದರೂ ತಿದ್ದಬಲ್ಲ ಒಂದು ಹೊಸ ಸಾಧನದ ವಿಷಯವಾಗಿ, ಗ್ರಾಮದ ಮುಖಂಡರಿಗೂ ಹಿಡುವಳಿದಾರರಿಗೂ ನನ್ನ ಅಭಿಪ್ರಾಯವನ್ನು ಅರಿಕೆ ಮಾಡಿಕೊಳ್ಳುವುದೇ ಈ ಲೇಖನದ ಉದ್ದೇಶ.

ಕೆಲವು ಸುಗ್ಗಿಗಳ ಹಿಂದೆ ನಾನು ಶ್ರೀನಿವಾಸಪುರ ತಾಲ್ಲೂಕಿನಲ್ಲಿ ಸರ್ಕೀಟು ಹೋಗಿದ್ದಾಗ, ಪರಿಚಿತರಾದ ತೋಟಗಾರರೊಬ್ಬರು ತಮ್ಮ ಜಾಲತಾಣವನ್ನು ಮೊಬೈಲಿನಲ್ಲಿ ತೋರಿಸಿದರು. ಪಟ್ಟಣದ ಒಬ್ಬ ಕಸಬುದಾರನಿಗೆ ಹಣ ಕೊಟ್ಟು ಮಾಡಿಸಿದ್ದು. ಮೊದಲು ಅವರ ಪಿತಾಮಹರ ಭಾವಚಿತ್ರ. ಆಮೇಲೆ ಮನೆತನದ ಚರಿತ್ರೆ. ಆಮೇಲೆ ಮಾವು, ತೆಂಗು, ರಾಗಿ, ಹೈನು ಎಲ್ಲದರ ವರ್ಣನೆ. ಬೆಲೆ ಮಾತ್ರ ಎಲ್ಲಿಯೂ ಇಲ್ಲ. ಕೊಳ್ಳುವ ಬಗೆ ಹೇಗೆಂದರೆ, ಕಟ್ಟಕಡೆಯಲ್ಲಿ ಸಣ್ಣ ಅಕ್ಷರದಲ್ಲಿ ಒಂದು ದೂರವಾಣಿ ಸಂಖ್ಯೆ. "ಸ್ವಾಮಿ, ಜಾಹಿರಾತಿಗೂ ದುಡ್ಡು ಹಾಕಿದ್ದೇನೆ. ಜನ ಬರುತ್ತಾರೆ, ನೋಡುತ್ತಾರೆ, ಹೋಗುತ್ತಾರೆ. ಒಂದು ಪೆಟ್ಟಿಗೆಯನ್ನೂ ಕೊಳ್ಳಲಿಲ್ಲ" ಎಂದು ಅವರು ನಿಟ್ಟುಸಿರಿಟ್ಟರು.

ಅವರ ತೋಟದ ಬಾದಾಮಿ ಹಣ್ಣಿನಲ್ಲಿ ಯಾವ ದೋಷವೂ ಇರಲಿಲ್ಲ, ದೋಷವಿದ್ದದ್ದು ಬಾಗಿಲಿನಲ್ಲಿ. ಸಂತೆಗೆ ಬಂದವನು ಹಣ್ಣು ಕೇಳಿದರೆ ನಾವು ಅವನನ್ನು ಮನೆಗೆ ಕರೆದು ವಂಶಾವಳಿ ಓದಿಸುವುದಿಲ್ಲ. ಹಣ್ಣನ್ನು ಕೈಗೆ ಕೊಡುತ್ತೇವೆ, ಬೆಲೆ ಹೇಳುತ್ತೇವೆ, ತಕ್ಕಡಿ ಎತ್ತುತ್ತೇವೆ. ಜಾಲತಾಣದಲ್ಲಿ ಈ ಕೆಲಸವನ್ನು ಮಾಡತಕ್ಕ ಪುಟಕ್ಕೆ ಲ್ಯಾಂಡಿಂಗ್ ಪೇಜ್ ಎಂದು ಹೆಸರು. ಜಾಹಿರಾತನ್ನೋ ವಾಟ್ಸಾಪಿನ ಸಂದೇಶವನ್ನೋ ಒತ್ತಿದವನು ಮೊದಲು ಬಂದಿಳಿಯುವ ಪುಟವೆಂದು ಇದರರ್ಥ. ಇದರಲ್ಲಿ ಒಂದೇ ಪದಾರ್ಥ, ಒಂದೇ ಮಾತು, ಒಂದೇ ಗುಂಡಿ ಇರತಕ್ಕದ್ದು. ಬಂದವನು ಆ ಗುಂಡಿಯನ್ನು ಒತ್ತಬೇಕು, ಇಲ್ಲವೇ ಹಿಂದಿರುಗಬೇಕು, ಅಡ್ಡದಾರಿಗಳಿರಬಾರದು.

ಇಂತಹ ಪುಟವನ್ನು ಕಟ್ಟುವುದಕ್ಕೆ ಈಗ ಕಸಬುದಾರನ ಅವಶ್ಯಕತೆಯಿಲ್ಲ. ಲ್ಯಾಂಡಿಂಗ್ ಪೇಜ್ ಬಿಲ್ಡರ್ ಎಂಬ ಸಲಕರಣೆಗಳು ಬಂದಿವೆ. ಕೆನಡಾ ದೇಶದ ವ್ಯಾಂಕೂವರ್ ನಗರದಲ್ಲಿ 2009ರಲ್ಲಿ ಆರಂಭವಾದ ಅನ್‌ಬೌನ್ಸ್ ಎಂಬ ಸಂಸ್ಥೆ ಈ ಮಾರ್ಗದಲ್ಲಿ ಮೊದಲಿಗರಲ್ಲೊಂದು. ತರುವಾಯ ಇನ್ನೂ ಅನೇಕ ಸಂಸ್ಥೆಗಳು ಹುಟ್ಟಿಕೊಂಡಿವೆ. ಇಟ್ಟಿಗೆಯ ಅಚ್ಚಿನಂತೆ ಇವುಗಳಲ್ಲಿ ಸಿದ್ಧವಾದ ಅಚ್ಚುಗಳಿರುತ್ತವೆ. ತಲೆಬರಹ, ಚಿತ್ರ, ವಿವರಣೆ, ಗಿರಾಕಿಯ ಹೆಸರು ವಿಳಾಸ ಬರೆಯುವ ನಮೂನೆ, ಹಣ ಸಲ್ಲಿಸುವ ಗುಂಡಿ, ಇವನ್ನು ಬೇಕಾದೆಡೆಗೆ ಎಳೆದು ಇಟ್ಟರೆ ಪುಟ ಸಿದ್ಧವಾಗುತ್ತದೆ. ಹೈಸ್ಕೂಲು ಮುಗಿಸಿದ ಹುಡುಗನೊಬ್ಬ ಒಂದು ಮಧ್ಯಾಹ್ನದಲ್ಲಿ ಇದನ್ನು ಕಲಿಯಬಲ್ಲನು. 2016ರಲ್ಲಿ ಯುಪಿಐ ಬಂದ ಮೇಲಂತೂ ಹಣ ಪಡೆಯುವ ತೊಡಕೂ ತೀರಿದೆ.

ಆದರೆ ಅಚ್ಚು ಸಿಕ್ಕಿದ ಮಾತ್ರಕ್ಕೆ ಮನೆ ಎದ್ದಂತಾಗಲಿಲ್ಲ. ಪುಟದಲ್ಲಿ ಏನಿರಬೇಕೆಂಬುದನ್ನು ಗಮನಿಸತಕ್ಕದ್ದು. ಮೊದಲನೆಯದಾಗಿ, ತಲೆಬರಹದಲ್ಲಿ ಹಣ್ಣಿನ ಜಾತಿ, ಊರು, ಪೆಟ್ಟಿಗೆಯ ನಿವ್ವಳ ತೂಕ ಮತ್ತು ಮನೆ ಬಾಗಿಲಿಗೆ ತಲಪುವ ಒಟ್ಟು ಬೆಲೆ ಸ್ಪಷ್ಟವಾಗಿರಬೇಕು. ಎರಡನೆಯದಾಗಿ, ಯಾವ ದಿನ ಇಳಿಸಿದ ಕಾಯಿ, ಯಾವ ದಿನ ಕಳುಹಿಸಲಾಗುವುದು, ಕೈಸೇರಿದ ಮೇಲೆ ಎಷ್ಟು ದಿನ ಕಾದು ತಿನ್ನಬೇಕು ಎಂಬ ವಿವರ ಬೇಕು. ಮೂರನೆಯದಾಗಿ, ಚಿತ್ರಗಳು ನಿಮ್ಮ ತೋಟದವೇ ಆಗಿರಬೇಕು. ಎಲ್ಲಿಯದೋ ಹೊಳೆಯುವ ಹಣ್ಣಿನ ಪಟ ಕೂಡದು. ನಾಲ್ಕನೆಯದಾಗಿ, ಕೆಟ್ಟ ಹಣ್ಣು ಬಂದರೆ ಏನು ಪರಿಹಾರವೆಂಬುದನ್ನು ಮೊದಲೇ ಹೇಳಿರಬೇಕು. ಐದನೆಯದಾಗಿ, ಪುಟವು ಬೇಗ ತೆರೆಯಬೇಕು. ಪುಟ ತೆರೆಯಲು 3 ಸೆಕೆಂಡಿಗಿಂತ ಹೆಚ್ಚು ಹಿಡಿದರೆ ಮೊಬೈಲಿನಲ್ಲಿ ಬಂದವರಲ್ಲಿ ನೂರಕ್ಕೆ 53 ಮಂದಿ ಹಿಂದಿರುಗುತ್ತಾರೆಂದು ಗೂಗಲ್ ಸಂಸ್ಥೆ 2016ರಲ್ಲಿ ಪ್ರಕಟಿಸಿತು. ಆದಕಾರಣ ದೊಡ್ಡ ದೊಡ್ಡ ಚಿತ್ರಗಳನ್ನು ಕುಗ್ಗಿಸಿ ಹಾಕುವುದು ಲೇಸು.

ಈ ಪುಟದ ಬೆಲೆಯನ್ನು ಲೆಕ್ಕದಿಂದಲೇ ಅರಿಯಬೇಕು. ಉದಾಹರಣೆಗೆಂದು ಒಂದು ಲೆಕ್ಕವನ್ನು ಇಟ್ಟುಕೊಳ್ಳೋಣ. ಜಾಹಿರಾತಿನ ಮೂಲಕ ಒಬ್ಬನನ್ನು ಪುಟಕ್ಕೆ ಕರೆತರಲು 5 ರೂಪಾಯಿ ತಗಲುವುದೆನ್ನಿ. ಒಂದು ಪೆಟ್ಟಿಗೆಯಲ್ಲಿ ಎಲ್ಲ ವೆಚ್ಚ ಕಳೆದು 100 ರೂಪಾಯಿ ಉಳಿಯುವುದೆನ್ನಿ. ನೂರು ಜನರಿಗೆ 500 ರೂಪಾಯಿ ಖರ್ಚು. ಅವರಲ್ಲಿ ಇಬ್ಬರು ಕೊಂಡರೆ ಬಂದದ್ದು 200, ನಷ್ಟ 300. ಐವರು ಕೊಂಡರೆ ಸಮಸಮ. ಹತ್ತು ಮಂದಿ ಕೊಂಡರೆ 500 ರೂಪಾಯಿ ಲಾಭ. ಹಣ್ಣು ಅದೇ, ಜಾಹಿರಾತಿನ ಮೊಬಲಗು ಅದೇ. ನಷ್ಟವನ್ನು ಲಾಭ ಮಾಡಿದ್ದು ಪುಟವೊಂದೇ. ಹೆಚ್ಚು ಜನರನ್ನು ಕರೆಯುವುದಕ್ಕೆ ಮುಂಚೆ, ಬಂದವರು ಏಕೆ ಹಿಂದಿರುಗುತ್ತಾರೆಂದು ವಿಚಾರಿಸುವವನೇ ಜಾಣ. ತೂತು ಬಿದ್ದ ಕಾಲುವೆಗೆ ಇನ್ನಷ್ಟು ನೀರು ಹಾಯಿಸಿದರೆ ಗದ್ದೆ ನೆನೆಯುವುದಿಲ್ಲ.

ಹೀಗೆ ವಿಚಾರಿಸುವ ಕ್ರಮ ನಮ್ಮ ವ್ಯವಸಾಯ ಶಾಸ್ತ್ರದಿಂದಲೇ ಹೋದದ್ದೆಂಬುದನ್ನು ಕೇಳಿದರೆ ವಾಚಕರಿಗೆ ಸಂತೋಷವಾಗಬಹುದು. ಇಂಗ್ಲೆಂಡಿನ ರಾಥಮ್‌ಸ್ಟೆಡ್ ಪ್ರಯೋಗ ಕ್ಷೇತ್ರಕ್ಕೆ 1919ರಲ್ಲಿ ಸೇರಿದ ರೊನಾಲ್ಡ್ ಫಿಷರ್ ಎಂಬ ಗಣಿತಜ್ಞರು, ಎರಡು ಗೊಬ್ಬರಗಳಲ್ಲಿ ಯಾವುದು ಮೇಲೆಂದು ತಿಳಿಯಲು ಹೊಲವನ್ನು ಸಣ್ಣ ತಾಕುಗಳಾಗಿ ಮಾಡಿ, ಚೀಟಿ ಎತ್ತಿದಂತೆ ಗೊತ್ತುಗುರಿಯಿಲ್ಲದೆ ಗೊಬ್ಬರಗಳನ್ನು ಹಂಚಿ, ಇಳುವರಿಯನ್ನು ಹೋಲಿಸುವ ಪದ್ಧತಿಯನ್ನು ಶಾಸ್ತ್ರೀಯವಾಗಿ ನೆಲೆಗೊಳಿಸಿದರು. ಪುಟ ಕಟ್ಟುವ ಅನೇಕ ಸಲಕರಣೆಗಳಲ್ಲಿ ಎ-ಬಿ ಪರೀಕ್ಷೆ ಎಂಬುದೊಂದುಂಟು. ಒಂದೇ ಪುಟದ ಎರಡು ರೂಪಗಳನ್ನು ಮಾಡಿ, ಬಂದವರಲ್ಲಿ ಅರ್ಧದಷ್ಟು ಮಂದಿಗೆ ಒಂದನ್ನೂ ಉಳಿದವರಿಗೆ ಮತ್ತೊಂದನ್ನೂ ತೋರಿಸಿ, ಯಾವುದರಲ್ಲಿ ಹೆಚ್ಚು ಮಂದಿ ಕೊಂಡರೆಂದು ನೋಡುವುದು. ಇದು ಫಿಷರ್ ಅವರ ತಾಕಿನ ಪ್ರಯೋಗವೇ ಹೊರತು ಬೇರೆಯಲ್ಲ.

ತಾಕಿನ ಪ್ರಯೋಗದ ನಿಯಮಗಳೂ ಇಲ್ಲಿ ಹಾಗೆಯೇ ಸಲ್ಲುತ್ತವೆ. ಒಂದು ಸಲಕ್ಕೆ ಒಂದೇ ಬದಲಾವಣೆ ಮಾಡಬೇಕು; ಬೆಲೆಯನ್ನೂ ಚಿತ್ರವನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಫಲ ಬಂತೆಂದು ತಿಳಿಯದು. ಎರಡು ರೂಪಗಳೂ ಒಂದೇ ಕಾಲದಲ್ಲಿ ನಡೆಯಬೇಕು. ಮೇ ತಿಂಗಳ ಗಿರಾಕಿಯನ್ನು ಜುಲೈ ತಿಂಗಳವನೊಡನೆ ಹೋಲಿಸುವುದು, ಮುಂಗಾರಿನ ರಾಗಿಯನ್ನು ಬೇಸಗೆಯದರೊಡನೆ ಹೋಲಿಸಿದಂತೆ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಪ ಸಂಖ್ಯೆಯನ್ನು ನಂಬಬಾರದು. ನೂರರಲ್ಲಿ ಇಬ್ಬರು ಕೊಳ್ಳುವ ಪುಟಕ್ಕಿಂತ ನಾಲ್ವರು ಕೊಳ್ಳುವ ಪುಟ ನಿಜವಾಗಿಯೂ ಮೇಲೆಂದು ನೆಚ್ಚಿಕೆಯಿಂದ ಹೇಳಬೇಕಾದರೆ, ಗಣಿತದ ಪ್ರಕಾರ ಒಂದೊಂದು ರೂಪಕ್ಕೂ ಸುಮಾರು 1,100 ಮಂದಿ ಬಂದಿರಬೇಕು. ಒಬ್ಬ ಸಣ್ಣ ತೋಟಗಾರನಿಗೆ ಒಂದು ಸುಗ್ಗಿಯಲ್ಲಿ ಅಷ್ಟು ಜನ ಬರುವುದು ದುರ್ಲಭ. ಅಂತಹವನು ಎರಡು ಪುಟ ಹೂಡುವ ಬದಲು, ಕೊಳ್ಳದೆ ಹೋದ ಹತ್ತು ಮಂದಿಗೆ ದೂರವಾಣಿ ಮಾಡಿ, ಅಡ್ಡಿಯಾದದ್ದೇನೆಂದು ವಿನಯದಿಂದ ಕೇಳುವುದು ಹೆಚ್ಚು ಫಲಕಾರಿ.

ಇನ್ನು ಸತ್ಯದ ವಿಚಾರ. ಕೆಲವು ಅಚ್ಚುಗಳಲ್ಲಿ, ಕ್ಷಣಕ್ಷಣಕ್ಕೂ ಇಳಿಯುವ ಗಡಿಯಾರವನ್ನೂ, "ಇನ್ನು ಎರಡೇ ಪೆಟ್ಟಿಗೆ ಉಳಿದಿವೆ" ಎಂಬ ಮಾತನ್ನೂ ಹಾಕಲು ಅವಕಾಶವಿರುತ್ತದೆ. ಉಳಿದದ್ದು ನಿಜವಾಗಿ ಎರಡೇ ಆದರೆ ಹೇಳುವುದರಲ್ಲಿ ತಪ್ಪಿಲ್ಲ. ಇನ್ನೂರು ಪೆಟ್ಟಿಗೆಗಳನ್ನು ಕೊಠಡಿಯಲ್ಲಿ ಇಟ್ಟುಕೊಂಡು ಹಾಗೆ ಬರೆದರೆ ಅದು ಕಳ್ಳ ತಕ್ಕಡಿಗೆ ಸಮಾನ. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು 2023ರ ನವೆಂಬರಿನಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಇಂತಹ 13 ಬಗೆಯ ಕಪಟಗಳನ್ನು ಹೆಸರಿಸಿ ನಿಷೇಧಿಸಿದೆ. ಸುಳ್ಳು ಅವಸರವನ್ನು ಹುಟ್ಟಿಸುವುದು ಅವುಗಳಲ್ಲೊಂದು. ಕ್ಯಾಲ್ಸಿಯಂ ಕಾರ್ಬೈಡಿನಿಂದ ಹಣ್ಣು ಮಾಡುವುದು ಕಾನೂನಿನಲ್ಲಿ ನಿಷಿದ್ಧವೆಂಬುದು ಎಲ್ಲರಿಗೂ ತಿಳಿದದ್ದೇ. ಪುಟದಲ್ಲಿ "ಸಹಜವಾಗಿ ಮಾಗಿದ್ದು" ಎಂದು ಬರೆದು ಹಿತ್ತಿಲಲ್ಲಿ ಕಾರ್ಬೈಡು ಕಟ್ಟಿದವನು ತಾನೊಬ್ಬನೇ ಕೆಡುವುದಿಲ್ಲ, ಊರಿನ ಹೆಸರನ್ನೇ ಕೆಡಿಸುತ್ತಾನೆ. ಗಿರಾಕಿಗಳು ನಂಬಿ ಕೊಟ್ಟ ಹೆಸರು, ವಿಳಾಸ, ದೂರವಾಣಿ ಸಂಖ್ಯೆಗಳನ್ನು ಅವರ ಒಪ್ಪಿಗೆಯಿಲ್ಲದೆ ಇನ್ನೊಬ್ಬರಿಗೆ ಮಾರಕೂಡದು. ಈ ವಿಷಯದಲ್ಲಿ 2023ರಲ್ಲಿಯೇ ಶಾಸನವಾಗಿದೆ.

ಮೇಲೆ ಹೇಳಿದ ತೋಟಗಾರರ ವೃತ್ತಾಂತವನ್ನು ಪೂರ್ತಿ ಮಾಡುತ್ತೇನೆ. ಅವರ ಮಗಳು ಮಾರನೆಯ ಸುಗ್ಗಿಯಲ್ಲಿ ಇಂತಹ ಒಂದು ಪುಟವನ್ನು ತಾನೇ ಕಟ್ಟಿದಳು. ಬಾದಾಮಿ ಹಣ್ಣು, 3 ಕಿಲೋ ಪೆಟ್ಟಿಗೆ, ಒಂದು ಬೆಲೆ, ಒಂದು ಗುಂಡಿ. ಪೆಟ್ಟಿಗೆಗಳು ಹೊರಡತೊಡಗಿದವು. "ಶುಕ್ರವಾರ ತಪ್ಪದೆ ತಲಪುವುದು" ಎಂದು ಬರೆದರೆ ಜನಕ್ಕೆ ನಂಬಿಕೆ ಬರುವುದೆಂದು ಸಲಹೆ ಕೊಟ್ಟವನು ನಾನೇ. ಒಂದು ವಾರ ಮಳೆ ಹಿಡಿದು ಕಾಯಿ ಇಳಿಸಲಾಗಲಿಲ್ಲ. ಪುಟವನ್ನು ತಿದ್ದುವ ಯೋಚನೆ ಅವರಿಗೂ ಬರಲಿಲ್ಲ, ನನಗೂ ಬರಲಿಲ್ಲ. ಅದು ಮಳೆಯಲ್ಲಿಯೂ ಹಗಲಿರುಳು ಶುಕ್ರವಾರದ ಮಾತನ್ನೇ ಕೊಡುತ್ತಿತ್ತು. ಶನಿವಾರ ಬೆಳಗಾದೊಡನೆ ದೂರುಗಳ ಸುರಿಮಳೆಯಾಯಿತು. ಆ ಹುಡುಗಿ ಒಬ್ಬೊಬ್ಬರಿಗೂ ತಾನೇ ದೂರವಾಣಿ ಮಾಡಿ, ಬೇಡವೆಂದವರಿಗೆ ಹಣ ಹಿಂದಿರುಗಿಸಿ, ಕಾಯುತ್ತೇವೆಂದವರಿಗೆ ಮುಂದಿನ ವಾರ ಹಣ್ಣು ಕಳುಹಿಸಿದಳು. ಆ ವಾರ ಲಾಭವೇನೂ ಉಳಿಯಲಿಲ್ಲ. ಆದರೆ ಕಾದವರಲ್ಲಿ ಹಲವರು ಈಚೆಗೂ ಪ್ರತಿ ವರ್ಷ ಅವರಲ್ಲಿಯೇ ಕೊಳ್ಳುತ್ತಿದ್ದಾರೆ. ಬಂದವನನ್ನು ಗಿರಾಕಿ ಮಾಡುವುದು ಪುಟ. ಗಿರಾಕಿಯನ್ನು ಉಳಿಸುವುದು ಮಾತು. ಇದನ್ನು ನಾನು ಕಲಿತದ್ದು ಅವಳಿಂದ.

ಈ ಸಾಧನಕ್ಕೆ ಮಿತಿಯೂ ಉಂಟು. 2025ರ ಜೂನ್ ತಿಂಗಳಲ್ಲಿ ತೋತಾಪುರಿಯ ಧಾರಣೆ ಕುಸಿದು, ನೆರೆಯ ಚಿತ್ತೂರು ಜಿಲ್ಲೆಯ ಆಡಳಿತವು ನಮ್ಮ ಕಾಯಿಯನ್ನು ಒಳಗೆ ಬಿಡದೆ ತಡೆದಾಗ ಕೋಲಾರದ ಬೆಳೆಗಾರರು ಪಟ್ಟ ಕಷ್ಟವನ್ನು ಯಾವ ಪುಟವೂ ನೀಗಿಸಲಾರದಾಗಿತ್ತು. ತಿರುಳಿನ ಕಾರ್ಖಾನೆಗೆ ಲಾರಿಗಟ್ಟಲೆ ಹೋಗತಕ್ಕ ಮಾಲಿಗೆ ಮನೆವಾರ್ತೆಯ ಗಿರಾಕಿ ಸಾಲನು. ಬಾದಾಮಿ, ರಸಪುರಿ, ಮಲ್ಲಿಕಾ ಮೊದಲಾದ ತಿನ್ನುವ ಹಣ್ಣುಗಳಲ್ಲಿ, ಅದೂ ಫಸಲಿನ ಒಂದು ಭಾಗಕ್ಕೆ ಮಾತ್ರ, ಇದು ಅನುಕೂಲ. ಆದರೆ ಆ ಒಂದು ಭಾಗಕ್ಕೆ ಬೇರೆ ದಾರಿ ಇದೆಯೆಂದು ತಿಳಿದವನು, ಉಳಿದ ಭಾಗದ ವಿಷಯವಾಗಿ ಗುತ್ತಿಗೆದಾರನೊಡನೆ ಮಾತನಾಡುವ ಧ್ವನಿಯೇ ಬೇರೆಯಾಗಿರುತ್ತದೆ.

ದೊಡ್ಡ ಮಾರಾಟದ ತಾಣಗಳು ಇರುವಾಗ ಸ್ವಂತ ಪುಟವೇಕೆಂದು ಕೆಲವರು ಆಕ್ಷೇಪಿಸಬಹುದು. ಅಲ್ಲಿಯೂ ಮಾರಲಿ, ಅಡ್ಡಿಯಿಲ್ಲ. ರಾಜ್ಯದ ಮಾವು ಅಭಿವೃದ್ಧಿ ಮತ್ತು ಮಾರುಕಟ್ಟೆ ನಿಗಮವು ಜಾಲತಾಣದ ಮೂಲಕ ಬೆಳೆಗಾರರ ಹಣ್ಣಿಗೆ ಗಿರಾಕಿಯನ್ನು ಒದಗಿಸಿ, 2019ರಿಂದ ಅಂಚೆ ಇಲಾಖೆಯ ನೆರವಿನಿಂದ ಬೆಂಗಳೂರಿನ ಮನೆಗಳಿಗೆ ತಲಪಿಸುವ ಏರ್ಪಾಡನ್ನು ಮಾಡಿದ್ದು ಸ್ತುತ್ಯವಾದುದು. ಆದರೆ ಪರರ ಅಂಗಡಿಯಲ್ಲಿ ಗಿರಾಕಿ ಅಂಗಡಿಯವನಿಗೆ ಸೇರಿದವನು. ಸ್ವಂತ ಪುಟದಲ್ಲಿ ಅವನು ನಮ್ಮವನು. ಮುಂದಿನ ವರ್ಷ ಕಾಯಿ ಬಲಿತಾಗ ಅವನಿಗೆ ಒಂದು ಸಂದೇಶ ಕಳುಹಿಸಿದರೆ ಸಾಕು, ಜಾಹಿರಾತಿನ ಖರ್ಚಿಲ್ಲ. ಪುಟ ಕಟ್ಟುವ ಸಲಕರಣೆಯೂ ಬಹುಮಟ್ಟಿಗೆ ಬಾಡಿಗೆಯದೇ ಆದುದರಿಂದ, ಜಾಲದ ವಿಳಾಸವನ್ನು ಬೆಳೆಗಾರನು ತನ್ನ ಹೆಸರಿನಲ್ಲಿಯೇ ನೋಂದಾಯಿಸಿ, ಗಿರಾಕಿಗಳ ಪಟ್ಟಿಯ ನಕಲನ್ನು ಜೋಪಾನವಾಗಿ ಇಟ್ಟುಕೊಳ್ಳತಕ್ಕದ್ದು.

ಕಡೆಯದಾಗಿ ಗ್ರಾಮದ ಮುಖಂಡರಲ್ಲಿ ನನ್ನ ಪ್ರಾರ್ಥನೆ. ಒಬ್ಬೊಬ್ಬರು ಒಂದೊಂದು ಪುಟ ಕಟ್ಟಿ ಪರಸ್ಪರ ಬೆಲೆ ಇಳಿಸಿಕೊಳ್ಳುವುದಕ್ಕಿಂತ, ಊರಿಗೊಂದು ಪುಟ ಮಾಡಿರಿ. ಹಣ್ಣನ್ನು ಆರಿಸುವುದಕ್ಕೆ ನಿಷ್ಠುರನಾದ ಒಬ್ಬ ಹಿರಿಯನನ್ನೂ, ಪುಟವನ್ನು ನೋಡಿಕೊಳ್ಳುವುದಕ್ಕೆ ಓದಿದ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ನೇಮಿಸಿರಿ. ಮಾತುಗಳನ್ನು ನೀವೇ ಬರೆಯಿರಿ. ಆಳು ಮಾಡಿದ್ದು ಹಾಳು, ತಾನು ಮಾಡಿದ್ದು ಉತ್ತಮವೆಂಬ ಗಾದೆ ಇಲ್ಲಿಯೂ ಸುಳ್ಳಲ್ಲ. ಪ್ರತಿ ಸಂಜೆ ಆ ಪುಟವನ್ನು ಒಮ್ಮೆ ಓದಿ, ಅದರಲ್ಲಿರುವುದೆಲ್ಲ ಈ ಹೊತ್ತಿಗೂ ನಿಜವೇ ಎಂದು ನೋಡಿರಿ. ಹಣ್ಣು ಮುಗಿದ ದಿನ ಮುಗಿಯಿತೆಂದು ಬರೆದು ಬಾಗಿಲು ಹಾಕಿರಿ. ಹೀಗೆ ನಡೆದುಕೊಂಡ ಊರಿನ ಹೆಸರನ್ನು ಕೇಳಿಯೇ ಜನ ಹಣ್ಣು ಕೊಳ್ಳುವ ಕಾಲ ದೂರವಿಲ್ಲವೆಂದು ನಾನು ನಂಬಿದ್ದೇನೆ.